ಬದ್ರಿಯಾಳ ಹಸಿವು ಎಂಬ ವಿಷಯ

ಡಾಕ್ಟರ್ ವಗೀಹ್ ಅವರ ತರಗತಿಯಲ್ಲಿ ಸಾಕ್ಷ್ಯಚಿತ್ರಕ್ಕೆ ವಿಷಯ ಒಪ್ಪಿಸುವ ದಿನ ಬಂತೆಂದರೆ ಅಲೆಕ್ಸಾಂಡ್ರಿಯಾದ ಅರ್ಧ ಊರೇ ಆ ಕೋಣೆಗೆ ಬಂದುಬಿಡುತ್ತಿತ್ತು. ಬಲೆ ಹೆಣೆಯುವ ಮುದುಕ, ದೋಣಿಗೆ ಬಣ್ಣ ಬಳಿಯುವವನು, ಹಳೇ ಪುಸ್ತಕದಂಗಡಿಯ ಕುರುಡ, ಹೀಗೆ ಒಬ್ಬೊಬ್ಬರನ್ನೂ ವಿದ್ಯಾರ್ಥಿಗಳು ಮಾತಿನಲ್ಲೇ ಎಳೆದು ತಂದು ಮೇಷ್ಟರ ಮೇಜಿನ ಮುಂದೆ ನಿಲ್ಲಿಸುವರು. ಮೇಷ್ಟರು ಕನ್ನಡಕದ ಮೇಲಿಂದ ನೋಡಿ, “ಇವರನ್ನ ಹೋದ ವರ್ಷವೇ ನೋಡಿದ್ದೀನಿ, ಪಾಪ, ಮನೆಗೆ ಕಳಿಸಿ” ಎನ್ನುವರು.

ನರ್ಮೀನ್ ಮೂರನೇ ವರ್ಷದವಳು. ಅವಳ ಎರಡು ವಿಷಯಗಳು ಆಗಲೇ ಬಿದ್ದುಹೋಗಿದ್ದವು. ಆ ಮಂಗಳವಾರ ಮೂರನೆಯದನ್ನು ತಂದಿದ್ದಳು: ತೀರಿಕೊಂಡ ಅಜ್ಜನ ರೇಡಿಯೋ.

“ರೇಡಿಯೋ ಮಾತಾಡುತ್ತೆ, ಒಪ್ಕೋತೀನಿ,” ಎಂದರು ಡಾಕ್ಟರ್ ವಗೀಹ್. “ಆದ್ರೆ ನೀನು ಕೇಳಿದ್ದಕ್ಕೆ ಉತ್ತರ ಕೊಡಲ್ವಲ್ಲ ಮಗಳೇ.”

ತರಗತಿ ನಕ್ಕಿತು. ಮೇಷ್ಟರು ನಗಲಿಲ್ಲ. “ನಂಗೆ ಮನುಷ್ಯರು ಬೇಕು. ಬಾಗಿಲು ತಟ್ಟಿ ಒಳಗೆ ಹೋಗಬೇಕಾದ ಮನುಷ್ಯರು. ಇವತ್ತು ಹೇಳ್ಲಿಲ್ಲ ಅಂದ್ರೆ ಈ ವರ್ಷ ನಿಂಗೆ ಚಿತ್ರ ಇಲ್ಲ. ಚಿತ್ರ ಇಲ್ಲ ಅಂದ್ರೆ ವರ್ಷ ಇಲ್ಲ. ಯಾರಾದ್ರೂ ಇದ್ದಾರಾ?”

ಎಲ್ಲರ ಕಣ್ಣೂ ತನ್ನ ಮೇಲಿದ್ದಾಗ ನರ್ಮೀನಳ ಬಾಯಿಂದ ಅವಳಿಗೇ ಗೊತ್ತಿಲ್ಲದೆ ಮಾತು ಹೊರಟಿತು.

“ನಮ್ಮ ಕಟ್ಟಡದ ಮೆಟ್ಟಿಲು ತೊಳೆಯೋ ಹೆಂಗಸು, ಡಾಕ್ಟರ್. ಬದ್ರಿಯಾ ಅಂತ. ಗಂಡ ಇಲ್ಲ. ಮಾಳಿಗೆ ಮೇಲಿನ ಒಂದೇ ಕೋಣೇಲಿ ಇರ್ತಾರೆ. ರಾತ್ರಿ ಚಹಾದಲ್ಲಿ ಅದ್ದಿದ ರೊಟ್ಟಿ, ಅಷ್ಟೇ ಊಟ. ಅದೂ ಮಕ್ಕಳಿಗೆ. ಅವರು ಹಸ್ಕೊಂಡೇ ಮಲಗ್ತಾರೆ.”

ಇದರಲ್ಲಿ ಗಂಡ ಇಲ್ಲ ಎನ್ನುವುದೊಂದು ಅವಳಿಗೆ ಗೊತ್ತಿದ್ದ ನಿಜ. ಮಿಕ್ಕದ್ದೆಲ್ಲ ಟಿ.ವಿ. ಧಾರಾವಾಹಿಗಳಿಂದ ಬಂದದ್ದು. ಹದಿನೈದು ವರ್ಷದಿಂದ ಬುಧವಾರ, ಶನಿವಾರ ತಮ್ಮ ಬಾಗಿಲ ಮುಂದೆ ನೀರು ಸುರಿಯುತ್ತಿದ್ದ ಆ ಹೆಂಗಸು ಎಲ್ಲಿಂದ ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ ಎಂದು ಅವಳು ಕೇಳಿದ್ದೇ ಇಲ್ಲ. ಆದರೆ ಮುಂದಿನ ಸಾಲಿನಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ಡಾಕ್ಟರ್ ವಗೀಹ್ ಪೆನ್ನು ತೆಗೆದು ನರ್ಮೀನಳ ಹೆಸರಿನ ಎದುರು ಬರೆದರು: ಬದ್ರಿಯಾಳ ಹಸಿವು.

“ಮುಂದಿನ ಮಂಗಳವಾರ ಎರಡು ನಿಮಿಷದ ತುಣುಕು ತಂದು ತೋರಿಸು. ಅದನ್ನ ನೋಡಿ ಒಪ್ಪಿಗೆ ಹಾಕ್ತೀನಿ.”

ಅವಳ ಜೊತೆ ಕ್ಯಾಮೆರಾ ಹಿಡಿಯುತ್ತಿದ್ದ ಹಾತಿಮ್ ಹೊರಗೆ ಬಂದವನೇ ತಲೆ ಅಲ್ಲಾಡಿಸಿದ. “ಮನೆ ಬಾಗಿಲಲ್ಲೇ ಇಂಥದ್ದೊಂದು ಇಟ್ಕೊಂಡು ರೇಡಿಯೋ, ರೇಡಿಯೋ ಅಂತ ಸಾಯ್ತಿದ್ದೆಯಲ್ಲೇ.”

ನರ್ಮೀನ್ ನಕ್ಕಳು. ಹೇಳಿದ್ದಾಗಿದೆ, ಈಗ ಹೋಗಿ ಅದನ್ನು ಹುಡುಕಬೇಕಿತ್ತು.

ಮರುದಿನ ಬುಧವಾರ. ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬದ್ರಿಯಾ ಐದನೇ ಮಹಡಿಯಿಂದ ನೀರು ತಳ್ಳುತ್ತ ಇಳಿಯುತ್ತಿದ್ದಳು. ಐವತ್ತರ ಆಸುಪಾಸಿನ, ಅಗಲ ಮುಖದ, ದೊಡ್ಡ ದನಿಯ ಹೆಂಗಸು. ಅವಳು ಎರಡನೇ ಮಹಡಿಯಲ್ಲಿ ನಕ್ಕರೆ ನೆಲಮಹಡಿಯ ದರ್ಜಿ ಏನಾಯ್ತೆಂದು ಕೂಗಿ ಕೇಳುತ್ತಿದ್ದ.

“ಚಿಕ್ಕಮ್ಮ, ನಿಮ್ಮನೆಗೆ ಬರ್ಬೇಕು ಅಂತಿದ್ದೀನಿ,” ಎಂದಳು ನರ್ಮೀನ್.

ಬದ್ರಿಯಾ ಬಕೆಟ್ಟನ್ನು ಕೆಳಗಿಟ್ಟಳು. “ನಮ್ಮನೆಗಾ? ಯಾಕೆ, ಏನಾಯ್ತು?”

“ಏನೂ ಆಗಿಲ್ಲ. ಕಾಲೇಜಿಗೆ ಒಂದು ಸಿನಿಮಾ ಮಾಡ್ಬೇಕು. ಚಿಕ್ಕದು. ನಿಮ್ಮ ಬಗ್ಗೆ.”

ಬದ್ರಿಯಾ ಮೆಟ್ಟಿಲ ಕಂಬಿ ಹಿಡಿದುಕೊಂಡು ನಕ್ಕಳು. “ನನ್ನ ಬಗ್ಗೆ ಸಿನಿಮಾ! ನಾನು ಬಕೆಟ್ ಹಿಡ್ಕೊಂಡು ನಿಂತ್ರೆ ನಾನ್ಯಾವುದು ಬಕೆಟ್ ಯಾವುದು ಅಂತ ಗೊತ್ತಾಗಲ್ಲ ನನ್ನ ಕಣ್ಣೇ. ರಬಾಬ್ ಬಗ್ಗೆ ಮಾಡು. ನನ್ನ ಮಗಳು. ನರ್ಸಿಂಗ್ ಓದ್ತಾಳೆ, ನೋಡೋಕೂ ಚೆನ್ನಾಗಿದ್ದಾಳೆ.”

“ನೀವೇ ಬೇಕು ಚಿಕ್ಕಮ್ಮ. ಇಲ್ಲಾಂದ್ರೆ ನನ್ನ ವರ್ಷ ಹೋಗುತ್ತೆ.”

ಅದನ್ನು ಕೇಳಿದ ಕೂಡಲೇ ಬದ್ರಿಯಾಳ ನಗು ನಿಂತಿತು. “ಹಾಗಾದ್ರೆ ಶುಕ್ರವಾರ ಬಾ. ಮಧ್ಯಾಹ್ನ, ಊಟಕ್ಕೆ.”

“ಊಟ ಗೀಟ ಏನೂ ಬೇಡ.”

“ನಮ್ಮ ಹೊಸ್ತಿಲು ದಾಟಿ ಬಂದು ಬಾಯಿಗೆ ಏನೂ ಹಾಕ್ದೆ ಹೋಗ್ತೀಯಾ? ಅಂಥ ಮಾತು ಆಡ್ಬಾರ್ದು. ಮನೆಗೆ ಬೆಳಕು ಬರುತ್ತೆ, ಬಾ.”

ಶುಕ್ರವಾರ ಕರ್ಮೂಜ್ ಬಡಾವಣೆಯ ಓಣಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬದ್ರಿಯಾಳ ಮನೆಗೆ ಸಿನಿಮಾದವರು ಬರುತ್ತಾರೆಂದು ಇಡೀ ಓಣಿಗೇ ಗೊತ್ತಿತ್ತು. ಒಬ್ಬರು ಮೂಲೆ ತೋರಿಸಿದರು, ಇನ್ನೊಬ್ಬರು ಬಾಗಿಲವರೆಗೆ ಬಂದು ಬಿಟ್ಟುಹೋದರು.

ಎರಡನೇ ಮಹಡಿ. ಎರಡು ಕೋಣೆ, ಒಂದು ಪಡಸಾಲೆ. ನೆಲದ ಹಾಸುಗಲ್ಲು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕಿಟಕಿಗೆ ಹೊಸದಾಗಿ ಒಗೆದ ಪರದೆ. ಗೋಡೆಗೆ ಒರಗಿಸಿ, ರಬಾಬಳ ಮದುವೆಗೆಂದು ವರ್ಷಗಳಿಂದ ಕೂಡಿಟ್ಟ ಪಾತ್ರೆ, ಗಾಜಿನ ಲೋಟ, ಹಾಸಿಗೆ ಹೊದಿಕೆಗಳ ಪೆಟ್ಟಿಗೆಗಳು ಒಂದೂ ಬಿಚ್ಚದೆ ಚಾವಣಿಯವರೆಗೆ ಏರಿದ್ದವು. ನಡುವೆ ಬದ್ರಿಯಾ ದ್ರಾಕ್ಷಿ ಬಣ್ಣದ ಮಖಮಲ್ ನಿಲುವಂಗಿ ತೊಟ್ಟು, ಕಿವಿಗೆ ಓಲೆ ಹಾಕಿ, ಕಣ್ಣಿಗೆ ಕಾಡಿಗೆ ಹಚ್ಚಿ ನಿಂತಿದ್ದಳು. ನರ್ಮೀನಳಿಗೆ ಒಂದು ಗಳಿಗೆ ಗುರುತೇ ಸಿಗಲಿಲ್ಲ.

ಮೇಜಿನ ಮೇಲೆ ಇಡೀ ಬಾತುಕೋಳಿ. ಅನ್ನ ತುಂಬಿದ ಎಲೆಕೋಸಿನ ಸುರುಳಿಗಳ ಗುಡ್ಡ. ಬೆಳ್ಳುಳ್ಳಿ ಒಗ್ಗರಣೆಯ ಮುಲೂಖಿಯಾ ಸೊಪ್ಪಿನ ಸಾರು.

ಹಾತಿಮ್ ಅವಳ ಕಿವಿಯ ಹತ್ತಿರ ಬಾಗಿದ. “ಎಲ್ಲೇ ನಿನ್ನ ಮಾಳಿಗೆ ಕೋಣೆ? ಇವರಿಗಿಂತ ನಾವೇ ಬಡವರು ಕಣೇ.”

ನರ್ಮೀನಳಿಗೆ ನಿರಾಶೆಯಾಯಿತು. ಆದದ್ದು ನಿರಾಶೆ ಎಂದು ತಿಳಿಯುತ್ತಲೇ ಕಿವಿ ಬಿಸಿಯಾಯಿತು. ಇವರು ಚೆನ್ನಾಗಿದ್ದಾರಲ್ಲ ಎಂದು ಬೇಜಾರು ಪಡುವವಳು ತಾನಾಗಿದ್ದಳು.

ಬದ್ರಿಯಾಗೆ ಇದೊಂದೂ ಕಾಣಲಿಲ್ಲ. ಬಾತಿನ ತೊಡೆ ಕಿತ್ತು ನರ್ಮೀನಳ ತಟ್ಟೆಗೆ ಹಾಕಿದಳು. ಸಾಕು ಎಂದದ್ದಕ್ಕೆ ಪ್ರವಾದಿಯ ಆಣೆ ಇಟ್ಟಳು. ನಿಜವಾಗಿಯೂ ಸಾಕು ಎಂದದ್ದಕ್ಕೆ ತನ್ನ ಮಕ್ಕಳ ಆಣೆ ಇಟ್ಟು ಇನ್ನೊಂದು ತುಂಡು ಹಾಕಿದಳು. “ಮಾಳಿಗೆ ಮೇಲೆ ನಾನೇ ಸಾಕಿದ್ದು. ನಾಲ್ಕಿದ್ವು, ಈಗ ಮೂರು. ನೀನು ತಿನ್ಲಿಲ್ಲ ಅಂದ್ರೆ ಅದು ಸತ್ತಿದ್ದು ಯಾಕೆ ಹೇಳು.”

ಮಗಳು ರಬಾಬ್ ಹತ್ತೊಂಬತ್ತರವಳು, ಮೆತ್ತಗಿನ ಮಾತಿನವಳು. ಅವಳು ನರ್ಮೀನಳನ್ನೇ ನೋಡುತ್ತಿದ್ದಳು, ಬಹಳ ದಿನದಿಂದ ಕೇಳಿ ಬಲ್ಲವರನ್ನು ಈಗ ಕಂಡ ಹಾಗೆ.

“ನಿಮ್ಮನೆ ರೊಟ್ಟಿ ಉಪ್ಪಿನ ಋಣ ನಮ್ಮ ಮೇಲೆ ತುಂಬಾ ಇದೆ,” ಎಂದಳು.

“ನಮ್ಮನೇದಾ?”

“ಮತ್ತೆ. ಅಪ್ಪ ತೀರ್ಕೊಂಡ ಮೇಲೆ ನಂಗೂ ನಮ್ಮಣ್ಣಂಗೂ ಅಮ್ಮ ರೊಟ್ಟಿ ಕೊಟ್ಟು ತಾನು ಸುಮ್ನೆ ಕೂತಿರ್ತಿದ್ಲು. ನೀನೂ ತಿನ್ನಮ್ಮ ಅಂದ್ರೆ, ಉಲ್ಫತ್ ಹಾನಿಮ್, ಅಂದ್ರೆ ನಿಮ್ಮಮ್ಮಾವ್ರು, ಅವರ ಮನೇಲಿ ಊಟ ಆಯ್ತು ಅನ್ನೋಳು. ಏನು ಊಟ ಅಂತ ನಾವು ಬಿಡ್ತಿರ್ಲಿಲ್ಲ. ಇವತ್ತು ಬೇಯಿಸಿದ ಕೋಳಿ, ಇವತ್ತು ಹಾಲು ಬೆಣ್ಣೆಯ ಬೆಶಮೆಲ್ ಹಾಕಿದ ಮೆಕರೋನಿ, ಮೇಲೆ ಕೆಂಪಗೆ ಹೀಗೆ ಕಟ್ಟಿತ್ತು ಅಂತ ಎಲ್ಲಾ ಹೇಳೋಳು. ನಾವು ಅದನ್ನ ಕೇಳ್ಕೊಂಡೇ ಚಹಾದಲ್ಲಿ ರೊಟ್ಟಿ ಅದ್ದಿ ತಿಂದ್ಬಿಡ್ತಿದ್ವಿ. ನಮ್ಮಣ್ಣ ಈಗ ಸೈನ್ಯದಲ್ಲಿದ್ದಾನಲ್ಲ, ಈಗ್ಲೂ ಫೋನ್ ಮಾಡಿದ್ರೆ ಕೇಳ್ತಾನೆ, ಹಾನಿಮ್ ಮನೇಲಿ ಇವತ್ತು ಏನಂತೆ ಅಂತ.”

“ಅನ್ನ ಆರುತ್ತೆ, ತಿನ್ನಿ,” ಎಂದಳು ಬದ್ರಿಯಾ ಬೇಗ ಬೇಗ.

ನರ್ಮೀನ್ ತುತ್ತು ನುಂಗಿದಳು. ಬದ್ರಿಯಾ ತಮ್ಮ ಮನೆಯ ಮೇಜಿನ ಮುಂದೆ ಕೂತು ಉಂಡದ್ದು ಅವಳಿಗೆ ನೆನಪಾಗಲಿಲ್ಲ. ನೆನಪಾದದ್ದು ಬಾಗಿಲಾಚೆ, ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಬದ್ರಿಯಾ, ಮತ್ತು ಅವಳಿಗೆಂದೇ ಬೇರೆ ಇಟ್ಟಿದ್ದ ಹಸಿರು ಗಾಜಿನ ಲೋಟ. ತಾನು ಶಾಲೆಗೆ ಹೋದಾಗ ಊಟ ಹಾಕುತ್ತಿದ್ದರೇನೋ ಎಂದು ಸಮಾಧಾನ ಮಾಡಿಕೊಂಡಳು.

ಊಟವಾಯಿತು. ಹಾತಿಮ್ ಕ್ಯಾಮೆರಾ ತೆಗೆದ. ನರ್ಮೀನ್ ಸುತ್ತ ನೋಡಿದಳು. ಪರದೆ, ಪೆಟ್ಟಿಗೆ, ಮಖಮಲ್, ಎಲ್ಲಿ ನೋಡಿದರೂ ಹಸಿವೇ ಕಾಣಲಿಲ್ಲ.

“ಚಿಕ್ಕಮ್ಮ, ಮೆಟ್ಟಿಲು ತೊಳೆಯೋ ಬಟ್ಟೆ ಹಾಕ್ಕೊಂಡ್ರೆ ಆಗುತ್ತಾ?”

“ಅದಾ? ಇವತ್ತು ಶುಕ್ರವಾರ ಅಲ್ವಾ ಮಗಳೇ.”

“ಅಮ್ಮಂಗೆ ಈ ಬಟ್ಟೆ ಚೆನ್ನಾಗಿ ಕಾಣ್ತಿಲ್ವಾ?” ಎಂದು ರಬಾಬ್ ಕೇಳಿದಳು.

“ಚೆನ್ನಾಗಿ ಕಾಣುತ್ತೆ. ಅದಕ್ಕೇ ಬೇಡ ಅಂದೆ,” ಎಂದುಬಿಟ್ಟಳು ನರ್ಮೀನ್. ಆಡಿದ ಮಾತು ವಾಪಸು ಬರಲಿಲ್ಲ.

ಬದ್ರಿಯಾ ಒಳಗೆ ಹೋಗಿ ಮಾಸಿದ ನಿಲುವಂಗಿಯಲ್ಲಿ ಬಂದಳು. ಕಾಡಿಗೆಯನ್ನೂ ಒರೆಸಿಕೊಂಡಿದ್ದಳು. ಅದನ್ನು ಯಾರೂ ಕೇಳಿರಲಿಲ್ಲ.

ನರ್ಮೀನ್ ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋದಳು. ಬಾತುಗೂಡಿನ ಪಕ್ಕ, ಮುರಿದ ಕುರ್ಚಿಗಳ ನಡುವೆ, ಮಗುಚಿ ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂರಿಸಿದಳು. ಗೂಡಿನ ಗೋಡೆ ಹಿಂದೆ ಬಂದರೆ ಒಂದೇ ಕೋಣೆಯ ಮನೆಯ ಹಾಗೇ ಕಾಣುತ್ತಿತ್ತು. ಹಾತಿಮ್ ಕ್ಯಾಮೆರಾದಲ್ಲಿ ನೋಡಿ ಹೆಬ್ಬೆರಳು ಎತ್ತಿದ. ಮೂರು ಬಾತುಗಳು ಒಂದೇ ಸಮ ಕೂಗುತ್ತಿದ್ದವು.

“ಹೇಗಿದ್ದೀರಿ ಚಿಕ್ಕಮ್ಮ, ಜೀವನ ಹೇಗೆ ನಡೀತಿದೆ?”

“ಮಸ್ತೂರ, ದೇವರ ದಯೆ.”

ಮಸ್ತೂರ ಎಂದರೆ ಹೊದ್ದಿದ್ದೇನೆ ಎಂದು. ಒಳಗೆ ಏನಿದೆ, ಏನಿಲ್ಲ, ಅದು ದೇವರಿಗೆ ಗೊತ್ತು. ಮೇಲೊಂದು ಹೊದಿಕೆಯನ್ನು ಅವನು ಹೊದಿಸಿದ್ದಾನೆ, ನಿನಗೆ ಕಾಣಬಾರದ್ದು ಏನೂ ಕಾಣುತ್ತಿಲ್ಲವಷ್ಟೆ ಎಂದು. ಒಬ್ಬರು ಮಸ್ತೂರ ಎಂದ ಮೇಲೆ ಆ ಊರಿನಲ್ಲಿ ಯಾರೂ ಮುಂದಕ್ಕೆ ಕೇಳುವುದಿಲ್ಲ.

ನರ್ಮೀನ್ ಕೇಳಿದಳು. “ಗಂಡ ಇಲ್ದೆ ಇಬ್ಬರು ಮಕ್ಕಳನ್ನ ಸಾಕೋದು ಕಷ್ಟ ಆಗ್ಲಿಲ್ವಾ?”

“ಮಸ್ತೂರವಾಗೇ ಸಾಕಿದೆ, ದೇವರು ದೊಡ್ಡವನು.”

“ಏನೂ ಇಲ್ಲದ ದಿನ ಇರ್ಲಿಲ್ವಾ? ಒಂದೂ?”

“ಯಾರ ಮನೇಲಿ ಎಲ್ಲಾ ದಿನ ಎಲ್ಲಾ ಇರುತ್ತೆ? ಮಸ್ತೂರವಾಗಿದ್ವಿ.”

“ಈಗ ಕಷ್ಟ ಇಲ್ವಾ ಹಾಗಾದ್ರೆ?”

“ಮಸ್ತೂರ ಅಂದ್ನಲ್ಲ ಮಗಳೇ.”

ಹಾತಿಮ್ ಕ್ಯಾಮೆರಾದ ಹಿಂದಿನಿಂದ ಉಸಿರು ಬಿಟ್ಟ. ನರ್ಮೀನಳ ಕಣ್ಣಿನ ಮುಂದೆ ಮಂಗಳವಾರ ಬಂದು ನಿಂತಿತು. “ನಿಜ ಹೇಳಿ ಚಿಕ್ಕಮ್ಮ,” ಎಂದಳು ಐದನೇ ಸಲ. “ಹಸ್ಕೊಂಡು ಮಲಗಿದ್ದು ಇಲ್ವಾ?”

ಬದ್ರಿಯಾ ಅವಳನ್ನೇ ನೋಡಿದಳು. “ನಿಮ್ಮ ಮೇಷ್ಟ್ರಿಗೆ ಏನು ಬೇಕೋ ಅದನ್ನ ಹೇಳು. ಸುಮ್ನೆ ಯಾಕೆ ಬಿಸಿಲಲ್ಲಿ ಒದ್ದಾಡ್ತೀಯ.”

“ನಾನು ಅವರಿಗೆ ಹೇಳ್ಬಿಟ್ಟಿದ್ದೀನಿ,” ಎಂದಳು ನರ್ಮೀನ್ ತಲೆ ತಗ್ಗಿಸಿ. “ನೀವು ಮಕ್ಕಳಿಗೆ ರೊಟ್ಟಿ ಕೊಟ್ಟು ಹಸ್ಕೊಂಡು ಮಲಗ್ತೀರ ಅಂತ.”

ಬದ್ರಿಯಾ ಮೆಲ್ಲಗೆ ಕೇಳಿದಳು: “ನಿಂಗ್ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ನಾನೇ ಕಟ್ಟಿ ಹೇಳ್ದೆ.”

ಬದ್ರಿಯಾಳ ಭುಜ ಇಳಿಯಿತು. ಯಾರಿಗೂ ಗೊತ್ತಿಲ್ಲ ಎನ್ನುವ ನೆಮ್ಮದಿ ಅದು. ನರ್ಮೀನಳಿಗೆ ಆಗ ಅದು ಅರ್ಥವಾಗಲಿಲ್ಲ.

“ಹೇಳ್ದಿದ್ರೆ ವರ್ಷ ಹೋಗುತ್ತಾ?”

“ಹೋಗುತ್ತೆ.”

“ವರ್ಷ ಹೋಗೋದು ಬೇಡ. ರಬಾಬ್, ಕೆಳಗೆ ಹೋಗಿ ಚಹಾ ಮಾಡ್ಕೊಂಡು ಬಾ. ಪುದೀನ ಹಾಕು. ನಿಧಾನವಾಗಿ ಮಾಡು.”

ರಬಾಬಳ ಹೆಜ್ಜೆ ಸದ್ದು ಇಳಿದುಹೋಗುವವರೆಗೂ ಕಾದು, ಬದ್ರಿಯಾ ಮಂಡಿಯ ಮೇಲೆ ಬಟ್ಟೆ ಸರಿಮಾಡಿಕೊಂಡು ಕ್ಯಾಮೆರಾ ಕಡೆ ತಿರುಗಿದಳು.

“ಇವರಪ್ಪ ತೀರ್ಕೊಂಡಾಗ ಮಗಂಗೆ ಆರು, ಇವಳಿಗೆ ನಾಲ್ಕು. ಮೂರು ರೊಟ್ಟಿ ಇರೋದು. ಮೂರನ್ನೂ ಅವುಗಳ ಮುಂದೆ ಇಡೋದು. ಅಮ್ಮ ತಿನ್ನದೆ ಮಕ್ಕಳು ತಿನ್ನಲ್ಲ, ಅದೇ ತೊಂದ್ರೆ. ಅದಕ್ಕೆ ಹಾನಿಮ್ ಮನೇಲಿ ಆಯ್ತು ಅಂದೆ. ಒಂದಿನ ಹೇಳಿದ್ದು, ವರ್ಷಗಟ್ಲೆ ಹೇಳಿದೆ. ಏನು ಊಟ ಅಂತ ಕೇಳಿದ್ರೆ ಹೇಳೋಕೆ ಕಷ್ಟ ಏನಿಲ್ಲ. ಮೆಟ್ಟಿಲು ತೊಳೆಯೋರಿಗೆ ಎಲ್ಲಾ ಮನೆ ಅಡುಗೇನೂ ಗೊತ್ತು. ವಾಸನೆ ಬರ್ತಿತ್ತಲ್ಲ. ಐದನೇ ಮಹಡೀಲಿ ಮೀನು, ನಾಲ್ಕರಲ್ಲಿ ಬೇಳೆ, ನಿಮ್ಮನೇಲಿ ಬೆಶಮೆಲ್. ನಿಮ್ಮನೇದೇ ಯಾವಾಗ್ಲೂ ಚೆನ್ನಾಗಿರ್ತಿತ್ತು, ಅದಕ್ಕೆ ನಿಮ್ಮನೇದನ್ನೇ ಹೇಳ್ತಿದ್ದೆ. ನಿಮ್ಮಮ್ಮನ್ನ ತಪ್ಪು ತಿಳ್ಕೋಬೇಡ ಮತ್ತೆ. ಅವರು ಕರೀತಿದ್ರು. ನಾನೇ ಒಲ್ಲೆ ಅಂತಿದ್ದೆ. ರಾತ್ರಿ ಎರಡು ಲೋಟ ನೀರು ಕುಡಿದು ಮಲಗಿದ್ರೆ ಹೊಟ್ಟೆ ಸುಮ್ನಾಗ್ತಿತ್ತು. ಇಷ್ಟು ಸಾಕಾ, ಇನ್ನೂ ಹೇಳ್ಬೇಕಾ?”

ಮೆಟ್ಟಿಲ ಬಾಗಿಲಲ್ಲಿ ರಬಾಬ್ ಟ್ರೇ ಹಿಡಿದು ನಿಂತಿದ್ದಳು. ಚಹಾಕ್ಕೆ ನೀರು ಮೊದಲೇ ಕಾಯುತ್ತಿತ್ತೋ ಏನೋ, ಬೇಗ ಬಂದುಬಿಟ್ಟಿದ್ದಳು.

“ವಾಸನೆಯಾ?” ಎಂದಳು. “ಮೆಕರೋನಿ, ಮೇಲೆ ಕೆಂಪಗೆ ಕಟ್ಟಿತ್ತು ಅಂದಿದ್ದು, ಎಲ್ಲಾ ವಾಸನೆಯಾ ಅಮ್ಮ?”

“ಚಹಾ ತಂದ್ಯಾ, ಅಲ್ಲಿಡು.”

“ನಾವು ಇನ್ನೊಂದು ರೊಟ್ಟಿ ಬೇಕು ಅಂತ ಹಟ ಮಾಡ್ತಿದ್ವಲ್ಲ.”

“ಮಕ್ಕಳು ಹಟ ಮಾಡ್ದೆ ಮತ್ಯಾರು ಮಾಡ್ತಾರೆ,” ಎಂದಳು ಬದ್ರಿಯಾ. “ಟ್ರೇ ಇಡು, ಬಿಸಿ ಇದೆ, ಚೆಲ್ಲುತ್ತೆ.”

ರಬಾಬ್ ಟ್ರೇ ಇಡಲಿಲ್ಲ. ಅಳಲೂ ಇಲ್ಲ. ಪಶ್ಚಿಮದ ಬಿಸಿಲು ಅವಳ ಮುಖದ ಅರ್ಧಕ್ಕೆ ಬಿದ್ದಿತ್ತು, ಲೋಟಗಳ ಹಬೆ ಅದರ ಮುಂದೆ ಏಳುತ್ತಿತ್ತು. ಆಗ ನರ್ಮೀನಳ ಮನಸ್ಸಿಗೆ ಬಂದದ್ದು ಇಷ್ಟೇ: ಬೆಳಕು ಚೆನ್ನಾಗಿದೆ. ಅವಳ ಬೆರಳು ತಾನಾಗಿ ಎದ್ದು, ಮುಖ ತಗೋ, ಮುಖ ತಗೋ ಎಂದು ಹಾತಿಮ್‌ಗೆ ಸನ್ನೆ ಮಾಡಿತು.

ಹೊರಡುವಾಗ ಬದ್ರಿಯಾ ಬಾತಿನ ಮಿಕ್ಕ ಅರ್ಧವನ್ನು ಡಬ್ಬಿಗೆ ಹಾಕಿ ಅವಳ ಕೈಗಿಟ್ಟಳು. “ಹಾನಿಮ್‌ಗೆ ಕೊಡು. ನನ್ನ ನಮಸ್ಕಾರ ಹೇಳು.” ರಬಾಬ್ ಕೋಣೆಯಿಂದ ಹೊರಗೆ ಬರಲಿಲ್ಲ.

ದಾರಿಯುದ್ದಕ್ಕೂ ಹಾತಿಮ್ ಮಾತು ನಿಲ್ಲಿಸಲಿಲ್ಲ. “ಆ ಹುಡುಗಿ ಮುಖ ನೋಡಿದೆಯಾ? ನಾವು ಹುಡುಕ್ಕೊಂಡು ಹೋದ್ರೂ ಸಿಗ್ತಿರ್ಲಿಲ್ಲ.” ಡಬ್ಬಿ ನರ್ಮೀನಳ ತೊಡೆಯ ಮೇಲಿತ್ತು.

ಅಮ್ಮ ಉಲ್ಫತ್ ಅಡುಗೆಮನೆಯಲ್ಲಿ ನಿಂತೇ ಡಬ್ಬಿ ತೆರೆದು ಒಂದು ಚೂರು ಬಾಯಿಗೆ ಹಾಕಿಕೊಂಡಳು. “ದೇವರು ಅವಳ ಕೈ ಕಾಯಲಿ. ಇಷ್ಟು ಚೆನ್ನಾಗಿ ಮಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು.”

“ಅಮ್ಮ, ಅವರು ನಮ್ಮನೇಲಿ ಯಾವತ್ತಾದ್ರೂ ಊಟ ಮಾಡಿದ್ದಾರಾ?”

“ಕರೀದೆ ಇರ್ತೀನಾ? ಎಷ್ಟು ಸಲ ಕರೆದಿದ್ದೀನಿ. ಅವಳೇ ಒಲ್ಲೆ ಅಂತಾಳೆ.”

“ಹೇಗೆ ಕರೀತಿದ್ದೆ?”

“ಹೇಗೆ ಅಂದ್ರೆ? ಬದ್ರಿಯಾ, ಬಾ ಊಟ ಮಾಡು ಅಂತಿದ್ದೆ. ಈಗಷ್ಟೇ ಆಯ್ತು ಹಾನಿಮ್, ದೇವರು ನಿಮಗೆ ಹೆಚ್ಚಿಸಲಿ ಅನ್ನೋಳು.”

“ಎರಡನೇ ಸಲ?”

“ಎರಡನೇ ಸಲ ಏನು?”

“ಆಣೆ ಇಟ್ಟು ಕರೆದಿದ್ಯಾ? ಕೈ ಹಿಡಿದು?”

ಉಲ್ಫತ್ ಅಗಿಯುವುದನ್ನು ನಿಲ್ಲಿಸಿದಳು. ಆ ಕರಾವಳಿಯವರು ಇಂಥ ಕರೆಗೆ ದೋಣಿಯವನ ಕರೆ ಎನ್ನುತ್ತಾರೆ. ನಡುನೀರಿನಲ್ಲಿ ದೋಣಿ ಸಾಗಿಸುತ್ತ, ದಡದಲ್ಲಿ ನಿಂತವನನ್ನು ಬಾರಯ್ಯ ಊಟಕ್ಕೆ ಎಂದು ಕೂಗುವುದು. ಅವನು ಬರಲಾರ ಎಂದು ಇಬ್ಬರಿಗೂ ಗೊತ್ತು, ಮರ್ಯಾದೆ ಮಾತ್ರ ಉಳಿಯುತ್ತದೆ. ಗಂಡನ ದೂರದ ನೆಂಟರಿಗೂ ಮೂರು ಸಲ ಆಣೆ ಇಟ್ಟು ಬಡಿಸುತ್ತಿದ್ದ ಉಲ್ಫತ್‌ಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅವಳು ಆಯ್ತು ಅಂದ್ಲು,” ಎಂದಳು ಕೊನೆಗೆ. ದನಿ ಸಣ್ಣದಾಗಿತ್ತು. “ಬಾಯಿ ತೆಗೆದು ನೋಡ್ಲಾ ನಾನು? ಈಗ್ಯಾಕೆ ಇದೆಲ್ಲ ಕೇಳ್ತಿದ್ದೀಯ? ನಿನ್ನ ಸಿನಿಮಾಗಾ?”

ಅಮ್ಮನನ್ನು ಅನ್ನಲು ನರ್ಮೀನಳಿಗೆ ಬಾಯಿ ಇರಲಿಲ್ಲ. ಅಮ್ಮ ಒಂದು ಸಲವಾದರೂ ಕರೆದಿದ್ದಳು; ತಾನು ಹದಿನೈದು ವರ್ಷ ಬದ್ರಿಯಾಳ ಬಕೆಟ್ ದಾಟಿಕೊಂಡು ಹೋಗಿದ್ದಳು. ಡಬ್ಬಿಯ ಮುಚ್ಚಳ ಮುಚ್ಚಿ ಉಲ್ಫತ್ ಅದನ್ನು ಫ್ರಿಜ್ಜಿನ ಹಿಂದಕ್ಕೆ ತಳ್ಳಿದಳು. ಆ ಮನೆಯಲ್ಲಿ ಅದನ್ನು ಮತ್ತೆ ಯಾರೂ ತೆಗೆಯಲಿಲ್ಲ.

ಮಂಗಳವಾರ ಹಾತಿಮ್ ಎರಡು ನಿಮಿಷಕ್ಕೆ ಕತ್ತರಿಸಿ ಜೋಡಿಸಿದ್ದ ತುಣುಕನ್ನು ತಂದು ಅವಳ ಕೈಗೆ ಕೊಟ್ಟ. “ಕೊನೇಲಿ ಆ ಹುಡುಗಿ ಮುಖದ ಮೇಲೆ ನಿಲ್ಲಿಸಿದ್ದೀನಿ. ಕಲ್ಲೂ ಕರಗುತ್ತೆ ನೋಡು.”

ಹೆಸರು ಕರೆದಾಗ ನರ್ಮೀನ್ ಎದ್ದು ಮೇಜಿನ ಹತ್ತಿರ ಹೋದಳು.

“ಹಾಕು,” ಎಂದರು ಡಾಕ್ಟರ್ ವಗೀಹ್.

“ಹಾಕಲ್ಲ, ಡಾಕ್ಟರ್.”

ಹಿಂದಿನಿಂದ ಯಾರೋ, “ರೇಡಿಯೋ ವಾಪಸು ಬಂತು” ಎಂದರು. ಒಂದಿಬ್ಬರು ನಕ್ಕರು.

“ಯಾಕೆ, ಆ ಹೆಂಗಸು ಒಪ್ಲಿಲ್ವಾ?”

“ಒಪ್ಪಿದ್ರು. ನನ್ನ ವರ್ಷ ಹೋಗ್ಬಾರ್ದು ಅಂತ ಒಪ್ಪಿದ್ರು. ಹೋದ ವಾರ ನಾನು ಇಲ್ಲಿ ಹೇಳಿದ್ದೆಲ್ಲ ಸುಳ್ಳು. ಅವರ ಮನೇನೇ ನಾನು ನೋಡಿರ್ಲಿಲ್ಲ. ಆಮೇಲೆ ಹೋಗಿ ಅದನ್ನ ಅವರ ಬಾಯಲ್ಲಿ ಹೇಳಿಸ್ದೆ.”

“ಅವರು ಹೇಳಿದ್ದೂ ಸುಳ್ಳಾ?”

“ಅಲ್ಲ. ಅದು ನಿಜ. ಅವರ ಮಗಳಿಗೂ ಗೊತ್ತಿರ್ಲಿಲ್ಲ, ಅಲ್ಲೇ ನಿಂತು ಕೇಳಿಸ್ಕೊಂಡ್ಲು.”

ಡಾಕ್ಟರ್ ವಗೀಹ್ ಪೆನ್ನು ಕೆಳಗಿಟ್ಟರು. “ನಿಜ ಅಂತ ಆದ್ರೆ ಇನ್ನೇನು ಬೇಕು ನಿಂಗೆ? ಹುಡುಕ್ಕೊಂಡು ಹೋಗಿದ್ದೇ ಅದನ್ನ.”

“ಅವರು ಮಸ್ತೂರ ಅಂದ್ರು ಡಾಕ್ಟರ್. ನಾಲ್ಕು ಸಲ ಅಂದ್ರು. ನಾನು ಐದನೇ ಸಲ ಕೇಳ್ದೆ.”

ಕೋಣೆಯಲ್ಲಿ ನಗು ಇರಲಿಲ್ಲ. ಅಲ್ಲಿದ್ದ ಒಬ್ಬೊಬ್ಬರ ಮನೆಯಲ್ಲೂ ಆ ಮಾತು ಹೇಳುವ ಅಮ್ಮನೋ ಅಜ್ಜಿಯೋ ಇದ್ದರು. ಡಾಕ್ಟರ್ ವಗೀಹ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಅವಳ ಹೆಸರಿನ ಎದುರಿದ್ದ ಎರಡು ಪದಗಳ ಮೇಲೆ ಗೆರೆ ಎಳೆದರು.

“ಈ ವರ್ಷ ನಿಂಗೆ ವಿಷಯ ಇಲ್ಲ ಮಗಳೇ,” ಎಂದರು. ಬೈಗುಳದ ದನಿಯಲ್ಲ. ಆದರೆ ನಿಯಮ ಬಿಡುವ ದನಿಯೂ ಅಲ್ಲ.

ಹಾತಿಮ್ ಅವಳ ಕಡೆ ನೋಡದೆ ಬೇರೆ ತಂಡದ ಬೆಂಚಿಗೆ ಹೋಗಿ ಕೂತ. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು ನರ್ಮೀನ್. ಹಾಗೇನೂ ಆಗಲಿಲ್ಲ. ತರಗತಿಯ ಹೊರಗಿನ ವರಾಂಡದಲ್ಲಿ ನಿಂತಾಗ ಇನ್ನೊಂದು ಹೊಳೆಯಿತು: ಒಳ್ಳೆಯವಳಾಗಲು ಹೋಗಿ, ಬದ್ರಿಯಾ ಹಸಿದಿದ್ದು ನಿಜ ಎಂದು ಇಪ್ಪತ್ತೆಂಟು ಜನರಿಗೆ ತಾನು ಮತ್ತೊಮ್ಮೆ ಸಾರಿ ಬಂದಿದ್ದಳು. ಹೋದ ವಾರವಾದರೂ ಅದು ಸುಳ್ಳಾಗಿತ್ತು. ಅಲ್ಲೇ ನಿಂತು ತುಣುಕನ್ನು ಅಳಿಸಿದಳು, ತರಗತಿ ಬಿಟ್ಟ ಮೇಲೆ ಹಾತಿಮ್‌ಗೆ ಫೋನು ಮಾಡಿ ಅವನ ಹತ್ತಿರವಿದ್ದದ್ದನ್ನೂ ಅಳಿಸು ಎಂದು ಅಂಗಲಾಚಿದಳು. ಅವನು ಬೈದ. ಬೈದು, ಅಳಿಸಿದೆ ಎಂದ.

ಬುಧವಾರ ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಬಕೆಟ್ಟಿನ ಸದ್ದು ಕೇಳಿದಾಗಿನಿಂದ ನರ್ಮೀನ್ ಬಾಗಿಲ ಹಿಂದೆ ನಿಂತಿದ್ದಳು. ಸದ್ದು ತಮ್ಮ ಮಹಡಿಗೆ ಬಂದಾಗ ತೆರೆದಳು.

“ಪಾಸಾದ್ಯಾ ನನ್ನ ಕಣ್ಣೇ?” ಎಂದಳು ಬದ್ರಿಯಾ.

“ಇಲ್ಲ ಚಿಕ್ಕಮ್ಮ. ನಾನು ಅದನ್ನ ತೋರಿಸ್ಲಿಲ್ಲ. ಪೂರ್ತಿ ಅಳಿಸಿಬಿಟ್ಟೆ.”

“ಯಾಕೆ? ನಾನು ಸರಿಯಾಗಿ ಹೇಳಿರ್ಲಿಲ್ವಾ?”

“ಸರಿಯಾಗೇ ಹೇಳಿದ್ರಿ. ನಾನು ನಿಮ್ಮನ್ನ ಕೇಳ್ಬಾರ್ದಿತ್ತು.”

“ವರ್ಷ?”

“ಹೋಯ್ತು.”

ಬದ್ರಿಯಾ ನಾಲಿಗೆಯಿಂದ ಲೊಚ್ಚೆಂದಳು. ಸಿಟ್ಟೇನೂ ಇರಲಿಲ್ಲ, ಒಳ್ಳೆ ಹಾಲು ಒಡೆದುಹೋದಾಗ ಹೆಂಗಸರು ಮಾಡುವಂಥ ಸದ್ದು. “ಅಯ್ಯೋ. ಹಾಗಾದ್ರೆ ಹೇಳಿದ್ದು ಸುಮ್ನೆ ಆಯ್ತು.”

ಅಳಿಸಿದ್ದು ಅವಳಿಗೊಂದು ಉಡುಗೊರೆ ಎಂದು ಹಿಂದಿನ ದಿನ ದಾರಿಯೆಲ್ಲ ಅಂದುಕೊಂಡು ಬಂದಿದ್ದ ನರ್ಮೀನ್‌ಗೆ ಅದು ಉಡುಗೊರೆಯಲ್ಲ ಎಂದು ಆಗ ತಿಳಿಯಿತು. ಕೇಳಬಾರದು ಎಂದುಕೊಂಡೇ ಕೇಳಿದಳು. “ರಬಾಬ್ ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ. ಕಾಲೇಜಿಗೆ ಹೋಗ್ತಾಳೆ, ಓದ್ತಾಳೆ. ಊಟಕ್ಕೆ ಕೂತ್ರೆ ಮಾತ್ರ ನನ್ನ ಬಾಯೇ ನೋಡ್ತಿರ್ತಾಳೆ. ನಾನು ನುಂಗೋವರ್ಗೂ ಅವಳು ತುತ್ತು ಎತ್ತಲ್ಲ. ನಿನ್ನೆ ನಂಗೆ ಹಲ್ಲುನೋವು, ತಿನ್ನೋಕಾಗ್ಲಿಲ್ಲ. ಅವಳೂ ತಿನ್ಲಿಲ್ಲ. ಹಲ್ಲುನೋವು ಕಣೇ ಅಂದ್ರೆ ನಂಬ್ತಾಳಾ? ತಟ್ಟೆ ಮುಂದೆ ಇಟ್ಕೊಂಡು ಇಬ್ಬರೂ ಕೂತಿದ್ವಿ.” ಹೇಳುತ್ತ ಹೇಳುತ್ತ ಅವಳು ಬರಲನ್ನು ನೀರಿಗೆ ಅದ್ದಿ ಎತ್ತಿದಳು. “ಹೋಗ್ಲಿ ಬಿಡು. ಸ್ವಲ್ಪ ಕಾಲು ತೆಗಿ ಮಗಳೇ, ನೀರು ಹಾಕ್ತೀನಿ.”

ನರ್ಮೀನ್ ಹೊಸ್ತಿಲ ಒಳಗೆ ಸರಿದಳು. ಬದ್ರಿಯಾ ಬಕೆಟ್ಟನ್ನು ಓರೆ ಮಾಡಿದಳು.